ತುಂಗಭದ್ರಾ ಸೀಮೆಯ ಯೋಜನೆಗಳಲ್ಲಿ ಜನರ ಲೆಕ್ಕ: ಒಂದು ವಿಮರ್ಶೆ

1. ಪ್ರಶ್ನೆ

ಒಂದು ಸೀಮೆಯ ಅಭ್ಯುದಯಕ್ಕಾಗಿ ಯೋಜನೆ ಹಾಕುವವರು ಮೊದಲು ಎಣಿಸತಕ್ಕದ್ದು ಯಾವುದನ್ನು? ನೆಲವನ್ನೇ, ನೀರನ್ನೇ, ಜನರನ್ನೇ? ಮೂರನ್ನೂ ಎಣಿಸಬೇಕೆಂದು ಯಾರಾದರೂ ಒಪ್ಪಿಯಾರು. ಆದರೆ ಒಪ್ಪುವುದಕ್ಕೆ ಇಷ್ಟು ಸುಲಭವಾದ ಈ ಮಾತು ಆಚರಣೆಗೆ ಬಂದುದು ವಿರಳ. ನೆಲವನ್ನು ಅಳೆದರೆ ಅದು ಅಳೆದಲ್ಲಿಯೇ ಇರುತ್ತದೆ. ನೀರು ಹರಿಯತಕ್ಕುದಾದರೂ ಅದರ ದಾರಿಯನ್ನು ಮೊದಲೇ ಗೊತ್ತುಮಾಡಬಹುದು. ಜನರಾದರೋ ಹಾಗಲ್ಲ. ಬರ ಬಂದರೆ ಅವರು ಗುಳೆ ಹೋಗುತ್ತಾರೆ. ನೀರು ಬಂದ ಕಡೆಗೆ ದೂರದಿಂದ ಬಂದು ನೆಲಸುತ್ತಾರೆ. ನೆಲವನ್ನು ಮಾರುತ್ತಾರೆ, ಕೊಳ್ಳುತ್ತಾರೆ, ಕೋರಿಗೆ ಮಾಡುತ್ತಾರೆ. ನಕಾಶೆಯಲ್ಲಿ ಬರೆದುದನ್ನು ಒಪ್ಪದೆ ತಮಗೆ ಲಾಭವೆಂದು ತೋರಿದ ಬೆಳೆಯನ್ನೇ ಬೆಳೆಯುತ್ತಾರೆ. ಇಂಥ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಎಷ್ಟೇ ಉದಾತ್ತವಾಗಿರಲಿ, ಅದು ಹೊಲಕ್ಕೆ ಇಳಿಯುವ ಹೊತ್ತಿಗೆ ಬೇರೆಯೇ ಒಂದಾಗಿ ಪರಿಣಮಿಸುತ್ತದೆ.

ಈ ಮಾತಿಗೆ ತುಂಗಭದ್ರಾ ಸೀಮೆಗಿಂತ ಸ್ಪಷ್ಟವಾದ ನಿದರ್ಶನ ನಮ್ಮ ನಾಡಿನಲ್ಲಿ ಸಿಗುವುದು ಕಷ್ಟ. ಹೊಸಪೇಟೆಯಿಂದ ಕಂಪ್ಲಿ, ಎಮ್ಮಿಗನೂರುಗಳನ್ನು ಹಾದು ಸಿರುಗುಪ್ಪದವರೆಗೆ ಹಬ್ಬಿದ ಬಲದಂಡೆಯ ನೆಲವನ್ನೂ, ನದಿಯ ಆಚೆ ಗಂಗಾವತಿಯಿಂದ ಸಿಂಧನೂರು, ಮಾನ್ವಿಗಳವರೆಗಿನ ಎಡದಂಡೆಯ ನೆಲವನ್ನೂ ಪ್ರಕೃತ ಲೇಖನದಲ್ಲಿ ಒಂದೇ ಸೀಮೆಯೆಂದು ಎಣಿಸಿದ್ದೇವೆ. ಇಲ್ಲಿ ಎಮ್ಮಿಗನೂರೆಂದರೆ ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿನ ಗ್ರಾಮ. ಕರ್ನೂಲು ಜಿಲ್ಲೆಯಲ್ಲಿ ಹೆಚ್ಚುಕಡಮೆ ಇದೇ ಹೆಸರಿನ ಪಟ್ಟಣವಲ್ಲ. ಅದು ಅಣೆಕಟ್ಟಿನ ಬುಡದಲ್ಲಿಯೂ ಇಲ್ಲ, ಕಾಲುವೆಯ ಕಟ್ಟಕಡೆಯಲ್ಲಿಯೂ ಇಲ್ಲ. ನಡುವೆ ನಿಂತ ಇಂಥ ಗ್ರಾಮದಿಂದ ನೋಡಿದರೆ ಯೋಜನೆಯ ಎರಡು ತುದಿಗಳೂ ಕಾಣುತ್ತವೆ. ಈ ಸೀಮೆಗಾಗಿ ಹಾಕಿದ ಯೋಜನೆಗಳಲ್ಲಿ ಜನರಿಗೆ ಯಾವ ಸ್ಥಾನ ದೊರೆಯಿತು, ದೊರೆಯದೆ ಹೋದುದರಿಂದ ಆದುದೇನು ಎಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ.

2. ಹಳೆಯ ಅಳತೆಗೋಲು

ವಿಮರ್ಶೆಗೆ ಒಂದು ಅಳತೆಗೋಲು ಬೇಕು. ಅದನ್ನು ನಾವು ಹೊರಗಿನಿಂದ ತರಬೇಕಾದುದಿಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯನ್ನು ಕಟ್ಟಿಸಿದವನು ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ. ಅಲ್ಲಿಯ 1369ರ ಸಂಸ್ಕೃತ ಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಒದಗಬಹುದಾದ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಸಾಧನಗಳಲ್ಲಿ ಧರ್ಮಿಷ್ಠನಾದ ಅರಸನೂ ಜಲಶಾಸ್ತ್ರವನ್ನು ಬಲ್ಲವನೂ ಸೇರಿರುವಂತೆಯೇ ಕಟ್ಟುವ ಕೆಲಸದಲ್ಲಿ ನುರಿತ ಜನರ ತಂಡವೂ ಸೇರಿದೆ. ದಿನಕ್ಕೆ ಸಾವಿರ ಮಂದಿ ಕೆಲಸಗಾರರು, ನೂರು ಬಂಡಿಗಳು, ಎರಡು ವರ್ಷದ ದುಡಿಮೆ—ಇವನ್ನು ಶಾಸನವು ಮರೆಯದೆ ದಾಖಲಿಸಿದೆ. ದೋಷಗಳ ಪೈಕಿ ಮೂರು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು: ಎರಡು ರಾಜ್ಯಗಳ ಗಡಿಯಲ್ಲಿರುವುದು, ನೀರು ಕಡಮೆಯಾಗಿ ಅದನ್ನು ನಂಬಿದ ನೆಲ ವಿಸ್ತಾರವಾಗಿರುವುದು, ನೆಲ ಸವಳಾಗಿರುವುದು. ಶಾಸನಕಾರನು ಕೆರೆಯನ್ನು ಕುರಿತು ಹೇಳಿದುದನ್ನು ಮಹಾನದಿಯ ಅಣೆಕಟ್ಟಿಗೆ ಯಥಾವತ್ತಾಗಿ ಅನ್ವಯಿಸಲಾಗದು ಎಂಬುದು ಸರಿಯಷ್ಟೆ. ಆದರೂ ಆರುನೂರ ಐವತ್ತು ವರ್ಷಗಳ ಹಿಂದೆ ನೀರಿನ ಕೆಲಸದ ಅನುಭವಿಗಳು ಯಾವುದಕ್ಕೆ ಅಂಜುತ್ತಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಹೊಸಪೇಟೆಯ ಪರಿಸರದಲ್ಲಿಯೇ ಇನ್ನೊಂದು ನಿದರ್ಶನವಿದೆ. ಕೃಷ್ಣದೇವರಾಯನು ಈಗಿನ ಹೊಸಪೇಟೆಯ ಬಳಿ ಹೊಸ ಪಟ್ಟಣವನ್ನು ಕಟ್ಟಿಸಿ, ಬೆಟ್ಟಗಳ ನಡುವೆ ದೊಡ್ಡ ಏರಿ ಹಾಕಿಸಿ ಕೆರೆ ಮಾಡಿಸಿದ ಸಂಗತಿಯನ್ನು ಪೋರ್ತುಗೀಜರಾದ ದೊಮಿಂಗೊ ಪಾಯೆಸ್ ಮತ್ತು ಫೆರ್ನಾವೊ ನೂನಿಜ್ ಇಬ್ಬರೂ ಬರೆದಿದ್ದಾರೆ. ಕೆರೆಯ ಕೆಳಗಿನ ಭೂಮಿಯನ್ನು ಸಾಗುವಳಿಗೆ ತರುವವರಿಗೆ ಅರಸನು ಒಂಬತ್ತು ವರ್ಷ ಕಂದಾಯವನ್ನು ಬಿಟ್ಟುಕೊಟ್ಟನೆಂದೂ, ಆಮೇಲೆ ಅಲ್ಲಿಂದ ಇಪ್ಪತ್ತು ಸಾವಿರ ಪರ್ದಾವ್‌ಗಳ ಹುಟ್ಟುವಳಿ ಬರತೊಡಗಿತೆಂದೂ ನೂನಿಜ್ ತಿಳಿಸುತ್ತಾನೆ. ಇಲ್ಲಿ ಗಮನಿಸಬೇಕಾದುದು ಆ ಒಂಬತ್ತು ವರ್ಷ. ಒಣನೆಲವು ನೀರಾವರಿ ನೆಲವಾಗುವುದಕ್ಕೆ ನೀರೊಂದೇ ಸಾಲದು. ಮಟ್ಟ ಮಾಡಬೇಕು, ಬದು ಹಾಕಬೇಕು, ಕಾಲುವೆ ತೋಡಬೇಕು, ಅಷ್ಟು ದಿನ ಸಂಸಾರ ನಡೆಯಬೇಕು. ಇದಕ್ಕೆ ಕಾಲವೂ ಕೈಯಾಸರೆಯೂ ಬೇಕೆಂಬುದನ್ನು ಆ ಕಾಲದ ಅರಸೊತ್ತಿಗೆ ಬಲ್ಲದಾಗಿತ್ತು.

ಹೀಗೆಂದ ಮಾತ್ರಕ್ಕೆ ವಿಜಯನಗರದ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ನಮ್ಮ ಅಭಿಪ್ರಾಯವಲ್ಲ. ಅದೇ ಕೆರೆಯ ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಮನುಷ್ಯರನ್ನು ಬಲಿ ಕೊಡಲಾಯಿತೆಂದು ಪಾಯೆಸ್ ಬರೆದಿದ್ದಾನೆ. ದೊಡ್ಡ ಕಾಮಗಾರಿಯ ಬೆಲೆಯನ್ನು ತೆರುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು ಎಂಬ ನಿಯಮ ಹಳೆಯದೇ. ಆದರೆ ರಾಯ, ಬಸವಣ್ಣ, ತುರ್ತಾ, ಕಂಪ್ಲಿ, ಸಿರುಗುಪ್ಪ ಮೊದಲಾದ ಹಳೆಯ ಕಾಲುವೆಗಳ ಕೆಳಗೆ ಬತ್ತ, ಕಬ್ಬು, ಬಾಳೆಯ ಗದ್ದೆಗಳು ನದಿಯ ಮಗ್ಗುಲಿಗೆ ಇಂದಿಗೂ ಹಸುರಾಗಿವೆ. ಆ ಕಾಲುವೆಗಳು ತಾವು ತಣಿಸಬಲ್ಲಷ್ಟು ನೆಲವನ್ನೇ ಕೈಗೆ ತೆಗೆದುಕೊಂಡವು. ಅವುಗಳ ಬಾಳಿಕೆಯ ಗುಟ್ಟು ಬಹುಮಟ್ಟಿಗೆ ಇದರಲ್ಲಿದೆ.

3. ಬರದಿಂದ ಹುಟ್ಟಿದ ಯೋಜನೆ

ಹೊಸ ಯೋಜನೆಯ ಹುಟ್ಟು ಬರದಲ್ಲಿ. ನದಿಯ ಮಗ್ಗುಲನ್ನು ಬಿಟ್ಟು ಸ್ವಲ್ಪ ದೂರ ಸರಿದರೆ ಬಳ್ಳಾರಿಯ ಎರೆನೆಲ. ಮಳೆ ವರ್ಷಕ್ಕೆ ಇಪ್ಪತ್ತು ಅಂಗುಲದ ಆಸುಪಾಸು. ಅದೂ ನಂಬಿಕೆಗೆ ಸಲ್ಲದು. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಈ ಸೀಮೆ ಅನುಭವಿಸಿದ ಜನನಾಶ ಕನ್ನಡ ನಾಡಿನ ನೆನಪಿನಿಂದ ಇನ್ನೂ ಅಳಿದಿಲ್ಲ. ತುಂಗಭದ್ರೆಗೆ ಕಟ್ಟೆ ಹಾಕುವ ಸಲಹೆಯನ್ನು ಸರ್ ಆರ್ಥರ್ ಕಾಟನ್ 1860ರಷ್ಟು ಹಿಂದೆಯೇ ಮುಂದಿಟ್ಟಿದ್ದರು. ಆದರೆ ಮದರಾಸು ಮತ್ತು ಹೈದರಾಬಾದು ಸರಕಾರಗಳ ನಡುವೆ ಒಪ್ಪಂದವಾದುದು 1944ರಲ್ಲಿ. ನದಿಯ ಎರಡೂ ದಡಗಳಲ್ಲಿ ಅಡಿಗಲ್ಲು ಬಿದ್ದುದು 1945ರ ಫೆಬ್ರವರಿ 28ರಂದು. ಕಾಲುವೆಗಳಿಗೆ ನೀರು ಹರಿದುದು 1953ರಲ್ಲಿ. ಸಲಹೆಗೂ ಸಿದ್ಧಿಗೂ ನಡುವೆ ಹೆಚ್ಚುಕಡಮೆ ಒಂದು ಶತಮಾನ ಕಳೆಯಿತು.

ಈ ನಡುವೆ ನೀರಾವರಿಯ ತತ್ತ್ವದಲ್ಲಿ ಒಂದು ಮುಖ್ಯವಾದ ಭೇದ ಏರ್ಪಟ್ಟಿತ್ತು. 1901–03ರ ಭಾರತ ನೀರಾವರಿ ಆಯೋಗದ ಕಾಲಕ್ಕೆ, ಸರಕಾರಕ್ಕೆ ಲಾಭ ತರುವ ಕಾಮಗಾರಿಗಳು ಬೇರೆ, ಬರದಿಂದ ಜನರನ್ನು ಕಾಯುವ ರಕ್ಷಣಾತ್ಮಕ ಕಾಮಗಾರಿಗಳು ಬೇರೆ ಎಂಬ ವಿಂಗಡಣೆ ನೆಲೆಗೊಂಡಿತು. ಇರುವ ನೀರನ್ನು ಆದಷ್ಟು ಹೆಚ್ಚು ನೆಲಕ್ಕೆ, ಆದಷ್ಟು ಹೆಚ್ಚು ಹಳ್ಳಿಗಳಿಗೆ ತೆಳ್ಳಗೆ ಹರಡಬೇಕು. ಯಾರಿಗೂ ಸಮೃದ್ಧಿ ಬಾರದಿದ್ದರೂ ಚಿಂತೆಯಿಲ್ಲ, ಯಾರ ಮನೆಯಲ್ಲಿಯೂ ಒಲೆ ಆರಬಾರದು—ರಕ್ಷಣಾತ್ಮಕ ನೀರಾವರಿಯ ಹೃದಯ ಇದು. ತುಂಗಭದ್ರಾ ಯೋಜನೆ ಈ ತತ್ತ್ವದ ಕೂಸು. ಇದರ ಹಿಂದಿನ ಕರುಣೆಯನ್ನೂ ನ್ಯಾಯಬುದ್ಧಿಯನ್ನೂ ಅಲ್ಲಗಳೆಯುವವರು ಇತಿಹಾಸಕ್ಕೆ ಅಪಚಾರ ಮಾಡಿದಂತೆ.

ಆದರೆ ಪೋರುಮಾಮಿಳ್ಳದ ಶಾಸನಕಾರನು ಹೇಳಿದ ಎರಡು ದೋಷಗಳು ಹುಟ್ಟಿನಲ್ಲಿಯೇ ಇದಕ್ಕೆ ಅಂಟಿಕೊಂಡವು. ಮೊದಲನೆಯದು ಗಡಿ. ಅಣೆಕಟ್ಟಿನ ಬಲಭಾಗವನ್ನು ಮದರಾಸೂ ಎಡಭಾಗವನ್ನು ಹೈದರಾಬಾದೂ ಕೈಗೆತ್ತಿಕೊಂಡವು. ನೀರು ಹರಿಯತೊಡಗಿದ ವರ್ಷವೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಬಹುಭಾಗ ಮೈಸೂರು ಸಂಸ್ಥಾನಕ್ಕೂ, ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ ಸೇರಿದವು. 1956ರಲ್ಲಿ ಎಡದಂಡೆಯೂ ಮೈಸೂರಿಗೆ ಬಂದಿತು. ಯೋಜನೆಯನ್ನು ಕಲ್ಪಿಸಿದ ಎರಡು ಸರಕಾರಗಳ ಪೈಕಿ ಒಂದೂ ಅದನ್ನು ನಡೆಸುವುದಕ್ಕೆ ಉಳಿಯಲಿಲ್ಲ. ಹಂಚಿಕೆಯ ಲೆಕ್ಕ ಮುಂದೆ ಬಚಾವತ್ ನ್ಯಾಯಮಂಡಲಿಯ ಮುಂದೆ ಹೋಯಿತು. ಆವಿಯಾಗುವ ನೀರೂ ಸೇರಿ 230 ಟಿ.ಎಂ.ಸಿ. ಎಂದು ಗೊತ್ತಾದ ಪಾಲು ಇಂದು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳ ನಡುವೆ ಹಂಚಿಹೋಗಿದೆ. ಎರಡನೆಯ ದೋಷ ಕಡಮೆ ನೀರು, ಹೆಚ್ಚು ನೆಲ. ಇದು ಆಕಸ್ಮಿಕವಾಗಿ ಬಂದುದಲ್ಲ, ಬೇಕೆಂದೇ ಮಾಡಿದುದು. ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು.

4. ಸರ್ವೆ ನಂಬರಿಗೆ ಬೆಳೆ

ತೆಳ್ಳಗೆ ಹರಡುವ ತತ್ತ್ವವನ್ನು ನೆಲಕ್ಕಿಳಿಸಲು ಸರಕಾರವು ಕಂಡುಕೊಂಡ ಉಪಾಯ, ಕಚೇರಿಯಲ್ಲಿಯೂ ಹೊಲದಲ್ಲಿಯೂ ಇಂಗ್ಲಿಷ್ ಹೆಸರಿನಿಂದಲೇ ಪ್ರಸಿದ್ಧವಾದ ಲೋಕಲೈಸೇಷನ್. ಕಾಲುವೆಯ ಕೆಳಗೆ ಬರುವ ಒಂದೊಂದು ಸರ್ವೆ ನಂಬರಿಗೂ ಇಂಥದೇ ಬೆಳೆಯ ಹಕ್ಕು ಎಂದು ಗೊತ್ತುಮಾಡಲಾಯಿತು. ಇಲ್ಲಿ ಮುಂಗಾರಿನ ಲಘು ಬೆಳೆ, ಅಲ್ಲಿ ಹಿಂಗಾರಿನ ಲಘು ಬೆಳೆ, ಇನ್ನೊಂದು ಕಡೆ ಹತ್ತಿ. ಬತ್ತ, ಕಬ್ಬು, ತೋಟಗಳಿಗೆ ಮಿತವಾದ ಎಡೆ. ಬತ್ತ ಕುಡಿಯುವ ನೀರು ಜೋಳ, ಹತ್ತಿ, ಶೇಂಗಾಗಳು ಕುಡಿಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದಕಾರಣ ಬಹುಪಾಲು ನೆಲಕ್ಕೆ ಲಘು ಬೆಳೆಯನ್ನೇ ವಿಧಿಸಿದರೆ ಕಾಲುವೆಯ ಕೊನೆಯ ಹಳ್ಳಿಗೂ ನೀರು ಮುಟ್ಟುತ್ತದೆಂಬುದು ತರ್ಕ. ಗಣಿತವಾಗಿ ನೋಡಿದರೆ ಇದರಲ್ಲಿ ತಪ್ಪಿಲ್ಲ.

ತಪ್ಪಿದ್ದುದು ಗಣಿತದ ಹೊರಗೆ. ಈ ತಖ್ತೆಯಲ್ಲಿ ಸರ್ವೆ ನಂಬರಿಗೆ ಬೆಳೆಯುಂಟು, ಬೆಳೆಗೆ ನೀರುಂಟು; ಆದರೆ ಆ ನಂಬರಿನ ಒಡೆಯನಿಗೆ ಎತ್ತುಗಳಿವೆಯೆ, ಕೈಯಲ್ಲಿ ಹಣವಿದೆಯೆ, ಸಾಲದಲ್ಲಿದ್ದಾನೆಯೆ, ಅವನ ಹೊಲದಲ್ಲಿ ದುಡಿಯುವವರು ಯಾರು ಎಂಬ ಕಲಮು ಇಲ್ಲ. ಮಳೆಯನ್ನು ನಂಬಿ ಜೋಳ ಬಿತ್ತುತ್ತಿದ್ದ ರೈತನಿಗೆ ಎರೆಹೊಲವನ್ನು ನೀರಿಗೆ ಅಳವಡಿಸುವುದು ಬೇರೆಯೇ ಒಂದು ಕಸುಬು. ಕೃಷ್ಣದೇವರಾಯನ ಒಂಬತ್ತು ವರ್ಷಗಳಿಗೆ ಸಮನಾದ ಆಸರೆ ಅವನಿಗೆ ದೊರೆಯಲಿಲ್ಲ. ಮೊದಲ ವರ್ಷಗಳಲ್ಲಿ ಕಾಲುವೆಯಲ್ಲಿ ನೀರಿದ್ದೂ ಹೊಲಗಳಿಗೆ ಹರಿಯುವುದು ನಿಧಾನವಾದುದಕ್ಕೆ ರೈತನ ಅಜ್ಞಾನವೇ ಕಾರಣವೆಂದು ಹೇಳುವುದು ವಾಡಿಕೆಯಾಗಿತ್ತು. ಅಜ್ಞಾನಕ್ಕಿಂತ ಅಶಕ್ತಿಯೇ ದೊಡ್ಡ ಕಾರಣವೆಂದು ನಮಗೆ ತೋರುತ್ತದೆ.

ಅಶಕ್ತನು ಮಾರಿದ ನೆಲವನ್ನು ಶಕ್ತನು ಕೊಂಡನು. ಕೃಷ್ಣಾ, ಗೋದಾವರಿ ಮುಖಜ ಪ್ರದೇಶಗಳಿಂದ ಬಂದ ತೆಲುಗು ರೈತರು ಕರಾವಳಿಯಲ್ಲಿ ತಲೆಮಾರುಗಳಿಂದ ಬತ್ತದ ಕೃಷಿ ಮಾಡಿದವರು. ಅಲ್ಲಿಯ ಒಂದೆಕರೆಯ ಬೆಲೆಗೆ ಇಲ್ಲಿ ಅನೇಕ ಎಕರೆಗಳನ್ನು ಕೊಳ್ಳಬಲ್ಲವರಾಗಿದ್ದರು. ಅವರು ಹೊಲಗಳನ್ನು ಮಟ್ಟಮಾಡಿ, ಬದು ಕಟ್ಟಿ, ಬತ್ತ ನಾಟಿಮಾಡಿದರು. ಲಾಭವನ್ನು ಕಂಡ ಸ್ಥಳೀಯರೂ ಅದೇ ದಾರಿ ಹಿಡಿದರು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿಗಳ ಸುತ್ತ ಅಕ್ಕಿ ಗಿರಣಿಗಳೆದ್ದವು. ಬತ್ತದ ಕಣಜವೆಂಬ ಬಿರುದು ಬಂದಿತು. ಹಾಗೆಯೇ ಕಾಲುವೆಯ ತಲೆಯಲ್ಲಿ ಬತ್ತ ಹೆಚ್ಚಿದಷ್ಟೂ ಕೊನೆಯಲ್ಲಿ ನೀರು ಬತ್ತಿತು. ಎಡದಂಡೆಯ ಕಾಲುವೆ 227 ಕಿಲೋಮೀಟರು ಉದ್ದದ್ದು. ಅದರ ಕೊನೆಯಲ್ಲಿರುವ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರು ನೀರಿಗಾಗಿ ರಸ್ತೆಗಿಳಿಯುವುದು ಪ್ರತಿವರ್ಷದ ಸುದ್ದಿ. ಬಲದಂಡೆಯ ಕೆಳಮಟ್ಟದ ಕಾಲುವೆಯ ಕೊನೆ ಕರ್ನೂಲು ಜಿಲ್ಲೆಯಲ್ಲಿದೆ; ಅಲ್ಲಿಯ ರೈತರ ದೂರು ಕಂಪ್ಲಿ, ಎಮ್ಮಿಗನೂರು, ಸಿರುಗುಪ್ಪಗಳ ಮೇಲೆ. ಹೀಗೆ ಗಡಿಯ ದೋಷವೂ ಹಂಚಿಕೆಯ ದೋಷವೂ ಒಂದೇ ಕಾಲುವೆಯಲ್ಲಿ ಬೆರೆತುಹೋದವು.

ಮೂರನೆಯ ದೋಷ ಆಮೇಲೆ ಬಂದುದು. ನೀರು ಬಸಿದುಹೋಗುವ ದಾರಿಯಿಲ್ಲದ ಎರೆನೆಲದಲ್ಲಿ ವರ್ಷವರ್ಷವೂ ನೀರು ನಿಂತು, ಈ ಸೀಮೆಯ ಹತ್ತಾರು ಸಾವಿರ ಹೆಕ್ಟೇರು ನೆಲ ಸವಳು-ಜವಳಿಗೆ ಸಿಕ್ಕಿತು. ಸವಳು ನೆಲದ ಸಂಶೋಧನೆಗೆ ಗಂಗಾವತಿಯಲ್ಲಿ ಕೇಂದ್ರವೊಂದು ಕೆಲಸ ಮಾಡುತ್ತಿರುವುದೇ ರೋಗದ ವ್ಯಾಪ್ತಿಗೆ ಸಾಕ್ಷಿ.

ಎಡದಂಡೆಯ ಕಾಲುವೆಯನ್ನು ಕುರಿತು ದೀರ್ಘವಾದ ಕ್ಷೇತ್ರಾಧ್ಯಯನ ನಡೆಸಿ 1998ರಲ್ಲಿ ಮಹಾಪ್ರಬಂಧವನ್ನು ಬರೆದ ಡಚ್ ವಿದ್ವಾಂಸ ಪೀಟರ್ ಮೊಲಿಂಗಾ, ನೀರಿನ ಹಂಚಿಕೆಯು ಯಂತ್ರಶಾಸ್ತ್ರದ ಸಂಗತಿ ಮಾತ್ರವಲ್ಲ, ರಾಜಕಾರಣದ ಸಂಗತಿ ಎಂದು ವಾದಿಸಿದ್ದಾರೆ. ಈ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಇತಿಹಾಸದ ದೃಷ್ಟಿಯಿಂದ ಅದಕ್ಕೆ ಇನ್ನೊಂದನ್ನು ಸೇರಿಸಬೇಕು: ತೂಬಿನ ಬಳಿಯ ರಾಜಕಾರಣ ಶುರುವಾಗುವುದಕ್ಕೆ ಮೊದಲೇ, ಯಾರು ತೂಬಿನ ಬಳಿ ಇರುತ್ತಾರೆ, ಯಾರು ಇರುವುದಿಲ್ಲ ಎಂಬುದು ಜನರ ಚಲನೆಯಿಂದ ತೀರ್ಮಾನವಾಗಿ ಹೋಗಿತ್ತು.

5. ತಖ್ತೆಗೆ ಸಿಕ್ಕದ ಮೂರು ಬಗೆಯ ಜನ

ಯೋಜನೆಯ ಲೆಕ್ಕದಿಂದ ತಪ್ಪಿಹೋದವರು ಮುಖ್ಯವಾಗಿ ಮೂರು ಬಗೆಯವರು.

ಮೊದಲನೆಯವರು ಮುಳುಗಡೆಯಾದವರು. ಜಲಾಶಯದ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಮಿಕ್ಕಿ ಜನ ನೆಲೆ ಬಿಟ್ಟರು. ನಾರಾಯಣದೇವರಕೆರೆಯಂಥ ಹಳೆಯ ಊರು ನೀರಿನ ಕೆಳಗಾಯಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಯಲ್ಲಿ ಮತ್ತೆ ಬದುಕು ಕಟ್ಟಿಕೊಂಡರು. ಈ ಜನರನ್ನು ಎಣಿಸಲಿಲ್ಲವೆಂದಲ್ಲ. ಪರಿಹಾರದ ಪಟ್ಟಿಗಾಗಿ ಎಣಿಸಿದರು. ಆದರೆ ಪರಿಹಾರಕ್ಕಾಗಿ ಎಣಿಸುವುದು ಬೇರೆ, ಯೋಜನೆಯ ಫಲಕ್ಕೆ ಹಕ್ಕುದಾರರೆಂದು ಎಣಿಸುವುದು ಬೇರೆ. ನದಿಯ ದಡದ ಮೆಕ್ಕಲು ನೆಲವನ್ನು ಕಳೆದುಕೊಂಡವರು ಜಲಾಶಯದ ಮೇಲ್ಭಾಗದಲ್ಲಿ ನೆಲಸಿದರು. ಕಾಲುವೆಗಳು ಹರಿದುದು ಕೆಳಭಾಗದಲ್ಲಿ.

ಎರಡನೆಯವರು ಕ್ಯಾಂಪುಗಳವರು. ವಲಸೆ ಬಂದ ರೈತರು ಹಳೆಯ ಊರುಗಳ ಒಳಗೆ ಸೇರದೆ ತಮ್ಮ ಹೊಲಗಳ ನಡುವೆಯೇ ಮನೆ ಕಟ್ಟಿಕೊಂಡರು. ಇಂಥ ನೆಲೆಗಳಿಗೆ ಕ್ಯಾಂಪು ಎಂದು ಹೆಸರಾಯಿತು. ಗಂಗಾವತಿಯ ಬಳಿಯ ಶ್ರೀರಾಮನಗರದಂಥವು ಬೆಳೆದು ದೊಡ್ಡ ಊರುಗಳೇ ಆದವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಸರಕಾರವೇ ಸಿಂಧನೂರಿನ ಬಳಿ ಪುನರ್ವಸತಿ ಕ್ಯಾಂಪುಗಳನ್ನು ಏರ್ಪಡಿಸಿದುದೂ ಈ ಸೀಮೆಯ ಜನಸಂಖ್ಯೆಯ ಕಥೆಯ ಒಂದು ಭಾಗ. ಇಷ್ಟಾದರೂ ಅನೇಕ ಕ್ಯಾಂಪುಗಳು ಕಂದಾಯ ದಾಖಲೆಯಲ್ಲಿ ಗ್ರಾಮಗಳೇ ಆಗಿರಲಿಲ್ಲ. ಲಂಬಾಣಿ ತಾಂಡ, ಗೊಲ್ಲರಹಟ್ಟಿಗಳ ಜೊತೆಗೆ ಕ್ಯಾಂಪುಗಳನ್ನೂ ದಾಖಲೆಯಿಲ್ಲದ ಜನವಸತಿಗಳೆಂದು ಗುರುತಿಸಿ, ವಾಸಿಸುವವರಿಗೆ ಮನೆಯ ನೆಲದ ಹಕ್ಕು ಕೊಡಲು ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಬಂದುದು 2016ರ ಶಾಸನದಿಂದ. ನೀರು ಬಂದು ಅರುವತ್ತು ವರ್ಷ ಕಳೆದ ಮೇಲೆ ಕಾನೂನು ಆ ಜನರ ಮನೆಯ ಬಾಗಿಲಿಗೆ ಬಂದಿತೆಂದಾಯಿತು.

ವಲಸೆ ಬಂದವರೇ ಎಲ್ಲ ಕೆಡುಕಿಗೆ ಕಾರಣವೆಂಬ ಮಾತು ಆಗಾಗ ಕೇಳಿಬರುತ್ತದೆ. ಅದು ನ್ಯಾಯವಲ್ಲ. ಅವರು ಬಂದುದು ಕೊಳ್ಳುವುದಕ್ಕೆ. ಮಾರುವ ಸ್ಥಿತಿಗೆ ಸ್ಥಳೀಯ ರೈತನನ್ನು ತಂದುದು ಬರ, ಸಾಲ, ಮತ್ತು ಇವೆರಡನ್ನೂ ಲೆಕ್ಕಿಸದ ಯೋಜನೆ. ನಿಯಮವನ್ನು ಮೀರಿ ಬತ್ತ ಬೆಳೆದವರಲ್ಲಿ ಹೊರಗಿನವರೂ ಇದ್ದಾರೆ, ಒಳಗಿನವರೂ ಇದ್ದಾರೆ. ಬೇರೆ ಬೆಳೆಗೆ ಬತ್ತದಷ್ಟು ಭದ್ರವಾದ ಪೇಟೆ ಇಲ್ಲದಿರುವಲ್ಲಿ ಲಘು ಬೆಳೆ ಬೆಳೆಯಿರೆಂದು ಬರೆದ ಆಜ್ಞೆ ಬರಿಯ ಉಪದೇಶವಾಗಿ ಉಳಿಯಿತು.

ಮೂರನೆಯವರು ನೆಲವೇ ಇಲ್ಲದವರು. ಬತ್ತದ ನಾಟಿ, ಕಳೆ, ಕೊಯ್ಲುಗಳು ನಡೆದುದು ಬಹುಪಾಲು ಹೆಂಗಸರ ಕೈಯಿಂದ. ಕೂಡ್ಲಿಗಿ, ಹಡಗಲಿ ಮೊದಲಾದ ಒಣ ತಾಲ್ಲೂಕುಗಳಿಂದಲೂ ಕೂಲಿಯವರು ಕಾಲುವೆಯ ಸೀಮೆಗೆ ಬರುತ್ತಿದ್ದರು. ಯಂತ್ರಗಳು ಬಂದು ಕೂಲಿಯ ದಿನಗಳು ಕಡಮೆಯಾದಂತೆ ಅವರೇ ಬೆಂಗಳೂರಿನ ಕಟ್ಟಡದ ಕೆಲಸಗಳಿಗೆ ಗುಳೆ ಹೋಗುತ್ತಾರೆ. ಜನಗಣತಿಯವರು ಬಂದ ದಿನ ಇವರು ಯಾವ ಊರಿನವರು? ಬಿತ್ತನೆಯಲ್ಲಿ ಒಂದೂರು, ಬೇಸಗೆಯಲ್ಲಿ ಒಂದೂರು. ಇವರಿಗೆ ನೀರಿನ ಪಾಲು ಇಲ್ಲ, ನೀರಿನ ಸಭೆಯಲ್ಲಿ ಸ್ಥಾನವಿಲ್ಲ. ಎರಡನೆಯ ಬೆಳೆಗೆ ನೀರಿಲ್ಲವೆಂದು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿದರೆ ರೈತನು ಒಂದು ಬೆಳೆಯನ್ನು ಕಳೆದುಕೊಳ್ಳುತ್ತಾನೆ; ಇವರು ಅರ್ಧ ವರ್ಷದ ಅನ್ನವನ್ನೇ ಕಳೆದುಕೊಳ್ಳುತ್ತಾರೆ. ಆದರೆ ನಷ್ಟದ ಅಂದಾಜು ತಯಾರಾಗುವುದು ಎಕರೆಗಳಲ್ಲಿ. ಎಕರೆಯಿಲ್ಲದವನ ನಷ್ಟ ಅದರೊಳಗೆ ಹಿಡಿಸುವುದಿಲ್ಲ.

6. ಇಂದಿನ ಸ್ಥಿತಿ

ಇದೆಲ್ಲ ಕಳೆದುಹೋದ ಮಾತೆಂದು ಯಾರೂ ಭಾವಿಸಬಾರದು. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿ.ಎಂ.ಸಿ.; ಹೂಳು ತುಂಬಿ ಈಗ ಅದು ಸುಮಾರು 105.79 ಟಿ.ಎಂ.ಸಿ.ಗೆ ಇಳಿದಿದೆ. ತುಂಬಲಾರದೆ ಹೋಗುವ ಈ ನೀರಿಗಾಗಿ ನವಲಿಯ ಬಳಿ ಸಮತೋಲನ ಜಲಾಶಯವನ್ನು ಕಟ್ಟುವ ಪ್ರಸ್ತಾಪ ವರ್ಷಗಳಿಂದ ಚರ್ಚೆಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಸರಪಣಿ ಕಡಿದು ಕೊಚ್ಚಿಹೋದಾಗ, ತುಂಬಿದ ಜಲಾಶಯದಿಂದ ನೀರನ್ನು ಹೊರಕ್ಕೆ ಬಿಡಬೇಕಾಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ಗೇಟನ್ನು ಕೂಡಿಸಿ ಉಳಿದುದನ್ನು ಕಾಪಾಡಲಾಯಿತು. ಒಂದು ಸರಪಣಿಯ ಮೇಲೆ ಎಷ್ಟು ಸಂಸಾರಗಳು ನಿಂತಿವೆಯೆಂಬುದು ಆ ವಾರದಲ್ಲಿ ಎಲ್ಲರಿಗೂ ತಿಳಿಯಿತು.

ನೀರು ಕುಗ್ಗುತ್ತಿರುವಾಗ ಜನ ಬೆಳೆಯುತ್ತಿದ್ದಾರೆ. ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 20,27,140 ಇದ್ದುದು 2011ರಲ್ಲಿ 24,52,595 ಆಯಿತು. ಹತ್ತು ವರ್ಷಗಳ ಬೆಳವಣಿಗೆ ನೂರಕ್ಕೆ 20.99, ಅದೇ ಅವಧಿಯಲ್ಲಿ ಇಡೀ ರಾಜ್ಯದ್ದು ನೂರಕ್ಕೆ 15.60. ಹೊಸಪೇಟೆ ನಗರ 2,06,167 ಜನರ ಊರಾಯಿತು. ಕಂಪ್ಲಿ ಪಟ್ಟಣ 39,307 ಜನರದು. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಹಂಪಿಗೆ ಬರುವ ಪ್ರವಾಸಿಗರು, ಇವರೆಲ್ಲರ ಹಿಂದೆ ಬೆಳೆದ ಪೇಟೆ: ಇವು ಕೂಡ ಅದೇ ನದಿಯ ನೀರನ್ನೇ ನಂಬಿವೆ.

ಆದರೆ ಈ ಅಂಕಿಗಳು ಎಷ್ಟು ಹಳೆಯವೆಂಬುದನ್ನು ನೋಡಬೇಕು. 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆಗ ನಡೆಯಲಿಲ್ಲ. ಮುಂದಿನದು 2027ಕ್ಕೆ ಗೊತ್ತಾಗಿದೆ. ಈ ನಡುವೆ ಹೊಸಪೇಟೆ ತಾಲ್ಲೂಕಿನಲ್ಲಿದ್ದ ಕಂಪ್ಲಿ ತಾನೇ ಒಂದು ತಾಲ್ಲೂಕಿನ ಕೇಂದ್ರವಾಯಿತು. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ, ಹೊಸಪೇಟೆಯೇ ಕೇಂದ್ರವಾಗಿ, ವಿಜಯನಗರ ಜಿಲ್ಲೆ ಹುಟ್ಟಿತು. ಕಂಪ್ಲಿ ಬಳ್ಳಾರಿಯಲ್ಲಿಯೇ ಉಳಿಯಿತು. ಅಂದರೆ ವಿಜಯನಗರ ಜಿಲ್ಲೆಗಾಗಲಿ ಕಂಪ್ಲಿ ತಾಲ್ಲೂಕಿಗಾಗಲಿ 2011ರ ಗಣತಿಯಲ್ಲಿ ಅದರದೇ ಎಲ್ಲೆಯೊಳಗೆ ಎಣಿಸಿದ ಜನಸಂಖ್ಯೆ ಎಂಬುದಿಲ್ಲ. ಹಳೆಯ ಅಂಕಿಗಳನ್ನು ಹೊಸ ಎಲ್ಲೆಗೆ ಹೊಂದಿಸಿಕೊಂಡು ಯೋಜನೆ ಹಾಕಬೇಕಾಗಿದೆ.

ಎಲ್ಲೆಗಳಾದರೂ ಒಂದೆರಡಲ್ಲ. ಕಾಲುವೆಯ ಸೀಮೆಗೆ ಮುನಿರಾಬಾದಿನ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ. ಅಣೆಕಟ್ಟಿಗೆ ತುಂಗಭದ್ರಾ ಮಂಡಲಿ. ಹಂಪಿಯ ಸುತ್ತಲಿನ 29 ಗ್ರಾಮಗಳಿಗೆ ವಿಶ್ವಪರಂಪರೆಯ ಪ್ರಾಧಿಕಾರ. ಸಂವಿಧಾನದ 371(ಜೆ) ವಿಧಿಯ ಪ್ರಕಾರ 2013ರಲ್ಲಿ ಏರ್ಪಟ್ಟು ಈಗ ಕಲ್ಯಾಣ ಕರ್ನಾಟಕದ ಹೆಸರು ಹೊತ್ತ ಅಭಿವೃದ್ಧಿ ಮಂಡಲಿ. ಇವುಗಳ ಮೇಲೆ ಜಿಲ್ಲಾ ಯೋಜನಾ ಸಮಿತಿ. ಒಂದೊಂದಕ್ಕೂ ಒಂದೊಂದು ನಕಾಶೆ. ಎಲ್ಲಕ್ಕೂ ಒಪ್ಪಿತವಾದ ಜನರ ಲೆಕ್ಕ ಮಾತ್ರ ಒಂದೂ ಇಲ್ಲ.

ಹಿಂದುಳಿದಿರುವಿಕೆಯನ್ನು ಅಳೆಯುವ ಕ್ರಮದಲ್ಲಿಯೂ ಇದೇ ಕೊರತೆ. 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಆಗಿನ 175 ತಾಲ್ಲೂಕುಗಳನ್ನು ತೂಗಿನೋಡಿ 114 ತಾಲ್ಲೂಕುಗಳನ್ನು ಹಿಂದುಳಿದುವೆಂದು ಗುರುತಿಸಿತು. ಕನ್ನಡ ನಾಡಿನ ಯೋಜನೆಯ ಇತಿಹಾಸದಲ್ಲಿ ಅದು ದೊಡ್ಡ ಹೆಜ್ಜೆ. ಜಿಲ್ಲೆಯ ಸರಾಸರಿ ಮರೆಮಾಚಿದುದನ್ನು ತಾಲ್ಲೂಕಿನ ಸರಾಸರಿ ಬಯಲಿಗೆ ತಂದಿತು. ಆದರೆ ತಾಲ್ಲೂಕಿನ ಸರಾಸರಿಯೂ ಮರೆಮಾಚುವುದುಂಟು. ನಗರ, ಹಳೆಯ ಕಾಲುವೆಯ ಗದ್ದೆ, ಹೊಸ ಕಾಲುವೆಯ ತಲೆ, ಅದರ ಬಾಲ, ನೀರೇ ಇಲ್ಲದ ಒಣನೆಲ: ಇವೆಲ್ಲ ಒಂದೇ ತಾಲ್ಲೂಕಿನಲ್ಲಿದ್ದರೆ ಅವುಗಳ ಸರಾಸರಿ ಯಾರ ಬದುಕನ್ನೂ ಹೇಳುವುದಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಮತ್ತೊಮ್ಮೆ ಪರಿಶೀಲಿಸಲು 2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಇಂಥ ಪರಿಶೀಲನೆ ತಾಲ್ಲೂಕಿನ ಮಟ್ಟಕ್ಕೆ ನಿಲ್ಲದೆ ಉಪಕಾಲುವೆಯ ಮಟ್ಟಕ್ಕೆ ಇಳಿದಲ್ಲದೆ ಈ ಸೀಮೆಯ ನಿಜಸ್ಥಿತಿ ಕಾಣದು.

7. ಆಕ್ಷೇಪಗಳು ಮತ್ತು ನಿರ್ಣಯ

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಯೋಜನೆ ಹಾಕಿದವರು ಮುಂದೆ ಬರುವ ವಲಸೆಯನ್ನು ಹೇಗೆ ತಾನೆ ಊಹಿಸಿಯಾರು ಎಂಬುದು ಮೊದಲನೆಯದು. ಊಹಿಸುವುದು ಕಷ್ಟವಿರಲಿಲ್ಲವೆಂದೇ ಹೇಳಬೇಕು. ನೀರಿದ್ದಲ್ಲಿಗೆ ಜನ ಬರುತ್ತಾರೆಂಬುದು ವಿಜಯನಗರದ ಅರಸರಿಗೆ ತಿಳಿದ ಸಂಗತಿ. ಅವರು ಅದನ್ನು ನಂಬಿಯೇ ಕಂದಾಯ ಬಿಟ್ಟರು. ಎರಡನೆಯ ಆಕ್ಷೇಪ ಹೆಚ್ಚು ಬಲವಾದುದು. ನಿಯಮ ಮೀರಿದರೂ ಬತ್ತ ಬೆಳೆಯಿತು, ಸಂಪತ್ತು ಹೆಚ್ಚಿತು, ಬರಕ್ಕೆ ಅಂಜುತ್ತಿದ್ದ ಸೀಮೆ ಅಕ್ಕಿಯನ್ನು ಹೊರಗೆ ಕಳಿಸುವಂತಾಯಿತು. ಇದೇ ಯೋಜನೆಯ ಜಯವಲ್ಲವೆ? ಜಯವೇ ಹೌದು. ಧಾತು ಈಶ್ವರದ ಬರ ಮರಳಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ಆದರೆ ಆ ಜಯದ ಬೆಲೆಯನ್ನು ಕೊನೆಯ ಹಳ್ಳಿ ತೆತ್ತಿತು. ಯಾರಿಗಾಗಿ ಯೋಜನೆ ಹುಟ್ಟಿತೋ ಅವರಲ್ಲಿಯೇ ಅನೇಕರು ಅದರ ಹೊರಗೆ ಉಳಿದರು. ರಕ್ಷಣೆಗಾಗಿ ಕಟ್ಟಿದ ಕಾಲುವೆ ಲಾಭದ ಕಾಲುವೆಯಾದಾಗ, ರಕ್ಷಣೆ ಬೇಕಾದವರನ್ನು ಯಾರು ಕಾಯಬೇಕೆಂಬ ಪ್ರಶ್ನೆಗೆ ಉತ್ತರ ಬಾಕಿ ಉಳಿದಿದೆ.

ಆದುದರಿಂದ ಮುಂದಿನ ಯೋಜನೆಗಳಿಂದ ಅಪೇಕ್ಷಿಸತಕ್ಕದ್ದು ಇಷ್ಟು. ಜನರನ್ನು ಉಪಕಾಲುವೆಯ ಮತ್ತು ತೂಬಿನ ಲೆಕ್ಕದಲ್ಲಿ, ನೆಲವುಳ್ಳವರು, ಕೋರಿನವರು, ಕೂಲಿಯವರು ಎಂದು ವಿಂಗಡಿಸಿ ಎಣಿಸಬೇಕು. ಆ ಎಣಿಕೆ ವರ್ಷಕ್ಕೆ ಎರಡು ಸಲ, ಬಿತ್ತನೆಯ ಕಾಲದಲ್ಲೊಮ್ಮೆ, ಗುಳೆಯ ಕಾಲದಲ್ಲೊಮ್ಮೆ, ನಡೆಯಬೇಕು. ಎರಡನೆಯ ಬೆಳೆಗೆ ನೀರು ತಪ್ಪಿದ ವರ್ಷ ಕೂಲಿಯವರ ನಷ್ಟವೂ ಅಂದಾಜಿಗೆ ಸೇರಬೇಕು. ಬತ್ತವನ್ನು ಬಿಡಿರೆಂದು ಹೇಳುವ ಮೊದಲು ಜೋಳಕ್ಕೂ ಶೇಂಗಾಕ್ಕೂ ಬತ್ತದಷ್ಟೇ ಭದ್ರವಾದ ಪೇಟೆ ಒದಗಬೇಕು. ಹೊಸ ಕಾಲುವೆಗೆ ಹಾಕುವ ಹಣದ ಒಂದು ಪಾಲು ಬಸಿಗಾಲುವೆಗೆ ಹೋಗಬೇಕು.

ಈ ಕೆಲಸದಲ್ಲಿ ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪಾಲುಂಟು. ಪಹಣಿಯಲ್ಲಿ ನೆಲದ ಒಡೆತನ ಕೈಬದಲಾದ ಕ್ರಮ, ಶಾಲೆಯ ದಾಖಲಾತಿ ಪುಸ್ತಕದಲ್ಲಿ ನಡುವರ್ಷ ಬಿಟ್ಟುಹೋದ ಮಕ್ಕಳ ಹೆಸರು, ಕ್ಯಾಂಪು ಮೊದಲು ಕಟ್ಟಿದವರ ನೆನಪು, ಮುಳುಗಿದ ಊರಿನ ದೇವರನ್ನು ಹೊತ್ತುತಂದವರ ಮಾತು: ಇವು ಯಾವ ಇಲಾಖೆಯ ಕಡತದಲ್ಲಿಯೂ ಒಟ್ಟಿಗೆ ಸಿಗುವುದಿಲ್ಲ. ಹೊಸಪೇಟೆ, ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಕಾಲೇಜುಗಳಲ್ಲಿ ಓದುವವರ ಪೈಕಿ ಅನೇಕರು ಇದೇ ಕಾಲುವೆಗಳ ಕೆಳಗಿನ ಹಳ್ಳಿಗಳಿಂದ ಬಂದವರು. ತಂತಮ್ಮ ಊರಿನ ಒಂದೊಂದು ತೂಬಿನ ಚರಿತ್ರೆಯನ್ನು ಅವರು ಬರೆದಿಟ್ಟರೆ, ಅದು ಅಣೆಕಟ್ಟಿನ ಚರಿತ್ರೆಗಿಂತ ಕಡಮೆಯದಾಗದು. ನೀರಾವರಿಯ ದಾಖಲೆಯಲ್ಲಿ ಎಮ್ಮಿಗನೂರು ಇಂದಿಗೂ ಮುಖ್ಯವಾಗಿ ಸರ್ವೆ ನಂಬರುಗಳ ಪಟ್ಟಿ. ಆ ನಂಬರುಗಳ ಮುಂದೆ ಉಳುವವರ, ನೆಡುವವರ, ಬಿಟ್ಟುಹೋದವರ, ಬಂದು ಸೇರಿದವರ ಲೆಕ್ಕ ತುಂಬಿದ ದಿನ, ಈ ಸೀಮೆಗೆ ಹಾಕುವ ಯೋಜನೆ ಈ ಸೀಮೆಯವರ ಯೋಜನೆಯೂ ಆಗಬಹುದು.